ತೊರವಿ ದಾರಿಯ ಟಿಪ್ಪಣಿಗಳು

ಬಸವನ ಬಾಗೇವಾಡಿ ಬಸ್ ನಿಲ್ದಾಣ, ಬೆಳಿಗ್ಗೆ

ಪಕ್ಕದ ಸೀಟಿನ ಹುಡುಗಿ ತೊಡೆಯ ಮೇಲೆ ಝೆರಾಕ್ಸ್ ಕಟ್ಟೊಂದನ್ನು ಇಟ್ಟುಕೊಂಡು ಕೂತಿದ್ದಾಳೆ. ಸುತ್ತ ಸುತಳಿ ಬಿಗಿದಿದೆ. ತೊರವಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳಂತೆ. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟುಕೊಟ್ಟ ಹೆಣ್ಣುಮಕ್ಕಳನ್ನು ಮಾತಾಡಿಸಿ ಬರೆದುಕೊಳ್ಳುವುದು ಅವಳ ಕೆಲಸ.

"ಫೆಲೋಶಿಪ್ ಐತೇನವ್ವಾ?"

"ಇಲ್ರಿ ಅಕ್ಕಾರ."

"ಮತ್ತ ಊರೂರು ತಿರುಗೋ ಖರ್ಚು?"

ಅವಳು ಸೊನ್ನೆ ರೂಪಾಯಿಯ ಟಿಕೆಟ್ ತೋರಿಸಿದಳು. ನನ್ನ ಕೈಯಲ್ಲೂ ಅದೇ ಟಿಕೆಟ್ ಇತ್ತು.

ಹೆಣ್ಣುಮಕ್ಕಳಿಗೆ ಬಸ್ಸು ಉಚಿತ ಮಾಡಿದ ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ಕ್ಕೆ. ಅದರ ಬಗ್ಗೆ ಪರವೂ ವಿರೋಧವೂ ಎಷ್ಟೋ ಓದಿದ್ದೇನೆ, ಸಂಶೋಧನೆಗೆ ಸಿಕ್ಕ ನೆರವು ಎಂದು ಬರೆದದ್ದನ್ನು ಕಂಡಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಈ ನಾಲ್ಕು ದಿಕ್ಕಿನ ಹಳ್ಳಿಗಳಿಗೆ ಹೋಗಿ ಬರುವ ಹುಡುಗಿಗೆ ಕ್ಷೇತ್ರಕಾರ್ಯದ ಭತ್ಯೆ ಕೊಡುತ್ತಿರುವುದು ಕೆಂಪು ಬಸ್ಸು. ಒಮ್ಮೆ ಹೋದ ಮನೆಗೆ ಎರಡನೇ ಸಲ, ಮೂರನೇ ಸಲ ಹೋಗುವ ಧೈರ್ಯ ಬಂದದ್ದು ಆಮೇಲೆಯೇ ಎಂದಳು. ಮೂರನೇ ಸಲ ಹೋದಾಗಲೇ ತಾನೆ ನಮ್ಮ ಕಡೆ ಹೆಣ್ಣುಮಕ್ಕಳು ನಿಜವಾದ ಮಾತು ಆಡುವುದು!

ಅದೇ ಬಸ್ಸು, ಮುಂದೆ

ಅವಳ ಖರ್ಚಿನ ಮಾತು ಕೇಳಿ ಫ.ಗು. ಹಳಕಟ್ಟಿಯವರು ನೆನಪಾದರು. ವಚನಗಳ ಅಚ್ಚಿಗಾಗಿ ಮನೆ ಮಾರಿ ಮುದ್ರಣಾಲಯ ಹಾಕಿದ ಅವರ ಕಥೆ ಈ ಜಿಲ್ಲೆಯಲ್ಲಿ ಮಕ್ಕಳಿಗೂ ಗೊತ್ತು. ಹೊಟ್ಟೆಪಾಡಿಗೆ ವಕೀಲಿ, ಜೀವಕ್ಕೆ ತಾಡೋಲೆ. 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ ಕಟ್ಟಿದರು, 1923ರಲ್ಲಿ 'ವಚನ ಶಾಸ್ತ್ರ ಸಾರ' ಹೊರತಂದರು, 1926ರಿಂದ 'ಶಿವಾನುಭವ' ಪತ್ರಿಕೆ ನಡೆಸಿದರು. ಅವರ ಹಿಂದೆ ಯಾವ ವಿಶ್ವವಿದ್ಯಾಲಯವೂ ಇರಲಿಲ್ಲ. ಕರ್ನಾಟಕ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು 1956ರಲ್ಲಿ, ಎಪ್ಪತ್ತು ದಾಟಿದ ಮೇಲೆ.

ಪ್ರತಿ ವರ್ಷ ಜುಲೈ 2ಕ್ಕೆ, ಅವರ ಹುಟ್ಟಿದ ದಿನ, ಮನೆ ಮಾರಿದ ಸಂಗತಿಯನ್ನು ಎದೆ ತುಂಬಿ ಹೇಳುತ್ತೇವೆ. ನನಗೂ ಎದೆ ತುಂಬುತ್ತದೆ. ಆದರೆ ಈಚೆಗೆ ಆ ಮಾತು ಕೇಳುವಾಗ ಒಂದು ಗೊಂದಲ. ಹಳಕಟ್ಟಿಯವರು ಮನೆ ಮಾರಲು ಹೊರಟಾಗ, ಬೇಡ, ನಾವಿದ್ದೇವೆ ಎಂದು ತಡೆಯಬೇಕಾದ ಸಮಾಜ ಎಲ್ಲಿತ್ತು? ಅದನ್ನೇ ಆದರ್ಶವೆಂದು ಹೇಳಿಕೊಡುತ್ತ ಹೋದರೆ, ಈ ಸುತಳಿ ಕಟ್ಟಿನ ಹುಡುಗಿ ಏನನ್ನು ಮಾರಬೇಕು?

ಸಿಂದಗಿ, ಚಹಾದಂಗಡಿ

ಬಸ್ಸಿನ ಮೈಮೇಲೆ 'ಕಲ್ಯಾಣ ಕರ್ನಾಟಕ' ಎಂದು ದೊಡ್ಡದಾಗಿ ಬರೆದಿದೆ. ವಿಜಯಪುರ ಜಿಲ್ಲೆ ಆ ಸಾರಿಗೆ ನಿಗಮಕ್ಕೆ ಸೇರಿದೆ. ಸಂವಿಧಾನದ 371(ಜೆ) ಕಲಮಿಗೆ ಸೇರಿಲ್ಲ. ಸಿಂದಗಿಯಿಂದ ಪೂರ್ವಕ್ಕೆ ನಡೆದು ಕಲಬುರಗಿ ಜಿಲ್ಲೆ ಹೊಕ್ಕರೆ ಓದಿಗೂ ನೌಕರಿಗೂ ಮೀಸಲಾತಿ, ಈಚೆಗೆ ಇಲ್ಲ. ಭೂಮಿ ಅದೇ ಎರೆ, ಬೆಳೆ ಅದೇ ಬಿಳಿಜೋಳ, ಬಡತನವೂ ಅದೇ.

ಫೆಲೋಶಿಪ್ಪಿನ ಗೆರೆ ಇನ್ನೂ ವಿಚಿತ್ರ. ಕಡಗಂಚಿಯಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಸೇರಿದವರಿಗೆ ನೆಟ್ ಫೆಲೋಶಿಪ್ ಇಲ್ಲದಿದ್ದರೂ ಯುಜಿಸಿಯಿಂದ ತಿಂಗಳಿಗೆ 8,000 ರೂಪಾಯಿ ಬರುವ ಏರ್ಪಾಡಿದೆ. ರಾಜ್ಯದ ವಿಶ್ವವಿದ್ಯಾಲಯಕ್ಕೆ ಸೇರಿದವರು ಆ ಪಟ್ಟಿಯಲ್ಲೇ ಇಲ್ಲ. ಜೆಆರ್‌ಎಫ್ ಸಿಕ್ಕವರ ಮಾತು ಬೇರೆ. 2023ರಿಂದ ಅವರಿಗೆ ತಿಂಗಳಿಗೆ 37,000. ಸಿಂದಗಿಯ ಇಬ್ಬರು ಗೆಳತಿಯರು ಒಂದೇ ವಿಷಯ ಹಿಡಿದು, ಒಬ್ಬಳು ಕಡಗಂಚಿಗೆ, ಇನ್ನೊಬ್ಬಳು ತೊರವಿಗೆ ಹೋದರೆ ಒಬ್ಬಳ ಪ್ರಶ್ನೆಗೆ ಬೆಲೆಯಿದೆ, ಇನ್ನೊಬ್ಬಳದಕ್ಕೆ ಇಲ್ಲ ಎಂದಾಗುತ್ತದಲ್ಲ. ಇದು ಹೇಗೆ ಸರಿ?

ಎಂ.ಎಂ. ಕಲಬುರ್ಗಿಯವರು ಇದೇ ಸಿಂದಗಿ ತಾಲೂಕಿನ ಮಣ್ಣಿನವರು. ಇಲ್ಲಿಂದ ಹೊರಟ ಹುಡುಗ ಧಾರವಾಡ ಸೇರಿ ಶಾಸನ, ಹಸ್ತಪ್ರತಿ, ವಚನಗಳ ಕಡಲಿಗಿಳಿದರು, ಹಂಪಿ ವಿಶ್ವವಿದ್ಯಾಲಯದ ಕುಲಪತಿಯಾದರು, 'ಮಾರ್ಗ'ದ ಸಂಪುಟಗಳನ್ನು ಬರೆದರು. ಆಗ ಧಾರವಾಡಕ್ಕೆ ಹೋಗದೆ ಬೇರೆ ದಾರಿ ಇರಲಿಲ್ಲ. ಈಗ ಜಿಲ್ಲೆಯಲ್ಲೇ, ತೊರವಿಯಲ್ಲಿ, ಬಾಗಿಲು ತೆರೆದಿದೆ. 2003ರಲ್ಲಿ ತೆರೆಯಿತು, ಹೆಣ್ಣುಮಕ್ಕಳಿಗಾಗಿಯೇ. ಬಾಗಿಲ ಒಳಗೆ ಎಷ್ಟು ಜನ ಗುರುಗಳಿದ್ದಾರೆ ಎನ್ನುವುದು ನನ್ನ ಮುಂದಿನ ಲೆಕ್ಕ.

ಲೆಕ್ಕ

ಯುಜಿಸಿಯ 2022ರ ನಿಯಮದಂತೆ ಸಹಾಯಕ ಪ್ರಾಧ್ಯಾಪಕರು 4 ಜನಕ್ಕೆ, ಸಹ ಪ್ರಾಧ್ಯಾಪಕರು 6 ಜನಕ್ಕೆ, ಪ್ರಾಧ್ಯಾಪಕರು 8 ಜನಕ್ಕೆ ಮಾರ್ಗದರ್ಶನ ಮಾಡಬಹುದು. ಮಾರ್ಗದರ್ಶಕರು ಕಾಯಂ ಅಧ್ಯಾಪಕರಾಗಿರಬೇಕು. ಅತಿಥಿ ಉಪನ್ಯಾಸಕರು ಎಷ್ಟೇ ಓದಿಕೊಂಡಿರಲಿ, ಆಗುವುದಿಲ್ಲ. ನಿವೃತ್ತಿಗೆ 3 ವರ್ಷ ಉಳಿಯದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ.

ಅಂದರೆ ಸಣ್ಣ ವಿಶ್ವವಿದ್ಯಾಲಯದಲ್ಲಿ ಒಬ್ಬ ಪ್ರಾಧ್ಯಾಪಕರು ಹಾರ ಹಾಕಿಸಿಕೊಂಡು ಮನೆಗೆ ಹೋಗಿ ಆ ಕುರ್ಚಿ ತುಂಬದೇ ಉಳಿದರೆ ಎಂಟು ಪ್ರಶ್ನೆಗಳು ಹುಟ್ಟುವುದೇ ಇಲ್ಲ. ಹುದ್ದೆ ಖಾಲಿ ಇದೆ ಎಂದು ಪತ್ರಿಕೆಯಲ್ಲಿ ಓದಿದಾಗ ಪಾಠ ನಡೆಯುವುದಿಲ್ಲವಲ್ಲ ಎಂದಷ್ಟೇ ಮರುಗುತ್ತಿದ್ದೆ. ಪಾಠವನ್ನಾದರೂ ಅತಿಥಿ ಉಪನ್ಯಾಸಕರು ನಡೆಸಿಕೊಡುತ್ತಾರೆ. ಸಂಶೋಧನೆಗೆ ಆ ಉಪಾಯವೂ ಇಲ್ಲ.

ಇದ್ದವರಿಗೆ ಹೊತ್ತು ಎಲ್ಲಿದೆ? ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಪಾಠ ಎಂಬುದು ಕಾಗದದ ಮೇಲಿನ ಲೆಕ್ಕ. ಪರೀಕ್ಷೆ, ಮೌಲ್ಯಮಾಪನ, ನ್ಯಾಕ್ ಕಡತ, ಪ್ರವೇಶಾತಿ ಅದರ ಹೊರಗೆ. ಒಂದು ತಾಲೂಕಿನ ಮಹಿಳಾ ಕಾಲೇಜಿನ ಅಧ್ಯಾಪಕಿ ನನಗೆ ಹೇಳಿದ್ದು: "ವಿದ್ಯಾರ್ಥಿನಿ ಬರದ ಅಧ್ಯಾಯ ಬ್ಯಾಗಿನಾಗ ಇಟ್ಕೊಂಡು ತಿರುಗತೀನ್ರಿ. ಓದಾಕ ರಾತ್ರಿ ಹತ್ತಾಗತೈತಿ. ಅಷ್ಟೊತ್ತಿಗೆ ಕಣ್ಣ ಮುಚ್ಚತಾವ." ಅವರ ದನಿಯಲ್ಲಿ ತಪ್ಪಿತಸ್ಥರ ನಾಚಿಕೆ ಇತ್ತು. ನಾಚಬೇಕಾದವರು ಅವರಲ್ಲ.

ಒಳ್ಳೆಯದನ್ನೂ ಬರೆದಿಡುತ್ತೇನೆ. ಯುಜಿಸಿಯ ಅದೇ ನಿಯಮ ಪಿಎಚ್.ಡಿ. ಮುಗಿಸಲು ಹೆಣ್ಣುಮಕ್ಕಳಿಗೆ ಹೆಚ್ಚಿಗೆ ಎರಡು ವರ್ಷ ಕೊಟ್ಟಿದೆ. ಹೆರಿಗೆ, ಮಗುವಿನ ಆರೈಕೆಗೆ 240 ದಿನದ ರಜೆ ಕೊಟ್ಟಿದೆ. ತೊಟ್ಟಿಲು ತೂಗುತ್ತ ಟಿಪ್ಪಣಿ ಮಾಡಿಕೊಂಡವಳ ಕಷ್ಟ ಬಲ್ಲವರು ಯಾರೋ ಆ ಸಾಲು ಸೇರಿಸಿರಬೇಕು.

ಇಂಡಿ, ನಂತರ ಹಲಸಂಗಿ

ಹಲಸಂಗಿ ಮೊದಲು ಇಂಡಿ ತಾಲೂಕಿನಲ್ಲಿತ್ತು, ಈಗ ಚಡಚಣಕ್ಕೆ ಸೇರಿದೆ. ಭೀಮಾ ತೀರದ ಈ ಸಣ್ಣ ಊರಿಗೆ ಬಂದರೆ ನನಗೆ ಮಾತು ಕಡಿಮೆಯಾಗುತ್ತದೆ.

ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ. ಹೆಚ್ಚು ಓದು ಸಿಗದ ಕಾಲದ ಹಳ್ಳಿಯ ತರುಣರು. ಬೀಸುವ ಕಲ್ಲಿನ ಮುಂದೆ, ಹೊಲದಲ್ಲಿ, ತೊಟ್ಟಿಲ ಬಳಿ ಕೇಳುತ್ತಿದ್ದ ಹಾಡು ಬರೆದಿಡುವಂಥದ್ದು ಎಂದು ಅವರಿಗೆ ಅನ್ನಿಸಿತು. 1931ರಲ್ಲಿ 'ಗರತಿಯ ಹಾಡು' ಬಂತು. ಆಮೇಲೆ 'ಜೀವನ ಸಂಗೀತ', 'ಮಲ್ಲಿಗೆ ದಂಡೆ'. ಜಾನಪದ ವಿಭಾಗಗಳು ಹುಟ್ಟುವುದಕ್ಕೆ ದಶಕಗಳ ಮೊದಲೇ ನಡೆದ ಕೆಲಸ. ಶಾಲೆಯ ಮಾಸ್ತರಾಗಿದ್ದ ಸಿಂಪಿ ಲಿಂಗಣ್ಣನವರು ಕೊಪ್ಪಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು.

ಅವರಿಗೆ ಯಾವ ಆಸರೆ ಇತ್ತು ಎಂದು ಊರ ಗುಡಿ ಕಟ್ಟೆಯ ಮೇಲೆ ಕೂತು ಯೋಚಿಸಿದೆ. ಹಣವಂತೂ ಇರಲಿಲ್ಲ. ಒಬ್ಬ ಬರೆದುಕೊಂಡು ಬಂದದ್ದನ್ನು ಸಂಜೆಗೆ ಇನ್ನೊಬ್ಬ ಓದುತ್ತಿದ್ದ, ಅದೊಂದು. ಹಾಡುವವರ ಮನೆ ಕೂಗಳತೆಯಲ್ಲಿತ್ತು, ಇನ್ನೊಂದು. ಕನ್ನಡದಲ್ಲಿ ಬರೆದರೆ ಓದುವವರಿದ್ದಾರೆ ಎಂಬ ನಂಬಿಕೆ ಮೂರನೆಯದು. ಇಂದಿನ ಸಂಶೋಧನಾ ವಿದ್ಯಾರ್ಥಿನಿಗೆ ಮೊದಲನೆಯದೇ ಇಲ್ಲ. ಅವಳು ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಬರೆಯುತ್ತಾಳೆ, ಮಾರ್ಗದರ್ಶಕರು ಓದುವವರೆಗೆ ತಿಂಗಳುಗಟ್ಟಲೆ ಕಾಯುತ್ತಾಳೆ. ವಾರಕ್ಕೊಮ್ಮೆ ಹತ್ತು ಜನ ಕೂಡಿ ಒಬ್ಬರ ಹತ್ತು ಪುಟ ಓದುವುದಕ್ಕೆ ಒಂದು ಕೋಣೆ, ಒಂದು ಜಮಖಾನೆ, ಎರಡು ಸುತ್ತು ಚಹಾ ಸಾಕಲ್ಲ. ಇಷ್ಟು ಅಗ್ಗದ ನೆರವು ಯಾಕೆ ಯಾರ ಯೋಜನೆಯಲ್ಲೂ ಕಾಣುವುದಿಲ್ಲ?

ಇನ್ನೊಂದು ಯೋಚನೆ ರಾತ್ರಿಯವರೆಗೂ ಬಿಡಲಿಲ್ಲ. ಸಂಗ್ರಹಿಸಿದವರ ಹೆಸರು ನಮ್ಮ ನಾಲಿಗೆಯ ಮೇಲಿದೆ. ಹಾಡಿದ ಹೆಣ್ಣುಮಕ್ಕಳ ಹೆಸರು 'ಗರತಿ' ಎಂಬ ಒಂದೇ ಮಾತಿನಲ್ಲಿ ಕರಗಿಹೋಗಿದೆ. ಅವರ ಮರಿಮೊಮ್ಮಕ್ಕಳ ಪ್ರಾಯದವರು ಈಗ ತೊರವಿಯಲ್ಲಿ ಪೆನ್ನು ಹಿಡಿದು ಕೂತಿದ್ದಾರೆ. ಹಾಡಿದ ಮನೆಯಿಂದಲೇ ಬರೆದುಕೊಳ್ಳುವವಳು ಬಂದಿದ್ದಾಳೆ. ನೂರು ವರ್ಷದೊಳಗೆ ಆದ ಈ ಬದಲಾವಣೆ ನೆನೆದರೆ ಕಣ್ಣು ತುಂಬುತ್ತದೆ. ಅಂಥವಳು ಟೈಪಿಂಗಿಗೆ, ಬೈಂಡಿಂಗಿಗೆ ಹಣವಿಲ್ಲದೆ ನಡುವೆ ಕೈಬಿಟ್ಟರೆ?

ಮರುದಿನ, ಇಂಡಿ ಮಾರುಕಟ್ಟೆ

ಲಿಂಬೆ ಚೀಲಗಳ ರಾಶಿ. ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಲಿಂಬೆ ಅಭಿವೃದ್ಧಿ ಮಂಡಳಿಯೂ ಈ ಊರಲ್ಲೇ ಇದೆ. ತೊರವಿಯಲ್ಲಿ ಆಹಾರ ಸಂಸ್ಕರಣೆ ಕಲಿಸುವ ವಿಭಾಗವಿದೆ. ಇವೆರಡರ ನಡುವೆ ಸಂಶೋಧನೆಗೆಂದು ವಾರಕ್ಕೊಂದು ಚೀಲ ಲಿಂಬೆ ಓಡಾಡಿದರೆ ಏನೆಲ್ಲ ಆಗಬಹುದು.

ಸಂಜೆ, ಗ್ರಂಥಾಲಯದ ಕಂಪ್ಯೂಟರ್ ಮುಂದೆ

'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಗೆ ಕೇಂದ್ರ ಸಂಪುಟ ಒಪ್ಪಿದ್ದು 2024ರ ನವೆಂಬರ್‌ನಲ್ಲಿ. ಮೂರು ವರ್ಷಕ್ಕೆ 6,000 ಕೋಟಿ, 30 ಅಂತರರಾಷ್ಟ್ರೀಯ ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು. ಸರ್ಕಾರಿ ವಿಶ್ವವಿದ್ಯಾಲಯ ಎಷ್ಟು ಸಣ್ಣದಿದ್ದರೂ ದೊಡ್ಡದು ಓದುವುದನ್ನೇ ಓದಬಹುದು. ಜೀವರಸಾಯನ ಓದುವ ಹುಡುಗಿಗೆ ಇದು ಮಳೆ ಬಂದಂತೆ. ನಿಜವಾಗಿ ಸಂತೋಷಪಟ್ಟೆ.

ಸುತಳಿ ಕಟ್ಟಿನ ಹುಡುಗಿಗೆ ಬೇಕಾದದ್ದು ಅಲ್ಲಿಲ್ಲ. ಮುಳುಗಡೆಯ ಸರ್ವೆ ಪಟ್ಟಿ, ಹಳೆಯ ಊರ ನಕಾಶೆ, ಎಂದೋ ನಿಂತುಹೋದ ಕನ್ನಡ ಪತ್ರಿಕೆಯ ಸಂಚಿಕೆಗಳು ಅವಳಿಗೆ ಬೇಕು. ಅವೆಲ್ಲ ಕಚೇರಿಯ ಬೀರುಗಳಲ್ಲಿ, ಮನೆಯ ಅಟ್ಟಗಳಲ್ಲಿ ಗೆದ್ದಲಿನ ಜೊತೆಗಿವೆ. ಸಾವಿರ ಹರದಾರಿ ಆಚೆಯ ಲೇಖನ ಒಂದು ಕ್ಷಣದಲ್ಲಿ ತೆರೆದುಕೊಳ್ಳುತ್ತದೆ, ಮುದ್ದೇಬಿಹಾಳದ ಕಾಗದಕ್ಕೆ ಆರು ಸಲ ಅಲೆಯಬೇಕು.

ಅವಳ ಪ್ರಬಂಧ ಮುಗಿದರೆ ಒಂದು ಪ್ರತಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ, ಇನ್ನೊಂದು ಪ್ರಬಂಧಗಳ ಅಂತರ್ಜಾಲ ಭಂಡಾರವಾದ ಶೋಧಗಂಗಾಕ್ಕೆ ಹೋಗುತ್ತದೆ. ಮಾತು ಕೊಟ್ಟವರ ಊರಿಗೆ ಒಂದು ಪ್ರತಿ ಹೋಗಬೇಕೆಂದು ಯಾವ ನಿಯಮವೂ ಹೇಳಿಲ್ಲ. ಇದೇ ಜಿಲ್ಲೆಯಲ್ಲಿ 1930ರ ದಶಕದಿಂದ ಒಣಬೇಸಾಯದ ಸಂಶೋಧನೆ ನಡೆದಿದೆ. ಅದರ ಫಲ ಒಡ್ಡಾಗಿ, ಬೀಜವಾಗಿ ರೈತನ ಹೊಲಕ್ಕೆ ವಾಪಸು ಬಂತು. ಮಾತಿನ ಸಂಶೋಧನೆಯ ಫಲ ವಾಪಸು ಬರುವ ದಾರಿ ಯಾವುದು?

ಮುದ್ದೇಬಿಹಾಳ ತಾಲೂಕು, ಒಂದು ಪುನರ್ವಸತಿ ಕೇಂದ್ರ

ಸುತಳಿ ಕಟ್ಟಿನ ಹುಡುಗಿಯ ಜೊತೆ ನಾನೂ ಹೋದೆ. ಸಾಲುಮನೆ, ಬೇವಿನ ಗಿಡ, ಕಟ್ಟೆ. ಆಲಮಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರಲ್ಲಿ. ಆಗ ಎಳೆಯ ಸೊಸೆಯಾಗಿದ್ದೆ ಎಂದ ಅಜ್ಜಿ ಜೋಳ ಹಸನು ಮಾಡುತ್ತ ಕೂತಿದ್ದಳು.

"ಮತ್ತ ಬರಕೊಳ್ಳಾಕ ಬಂದಿ ಏನ್ ಯವ್ವಾ? ಬರಕೊಂಡು ಹ್ವಾದವರು ಒಬ್ಬರೂ ತಿರುಗಿ ಬಂದಿಲ್ಲ."

"ಬರಕೊಳ್ಳಾಕ ಅಲ್ಲ ಆಯಿ, ಓದಿ ಹೇಳಾಕ ಬಂದೀನಿ."

ಸುತಳಿ ಬಿಚ್ಚಿದಳು. ಹೋದ ಸಲ ಅಜ್ಜಿ ಹೇಳಿದ್ದನ್ನೆಲ್ಲ ಅಧ್ಯಾಯವಾಗಿ ಬರೆದಿದ್ದಳು. ನಿಧಾನಕ್ಕೆ ಓದಿದಳು. ಮೊರ ನಿಂತಿತು. ಓಣಿಯ ಇನ್ನಿಬ್ಬರು ಬಂದು ಕೂತರು. ಹೊಳೆಯ ದಂಡೆ, ಹನುಮಪ್ಪನ ಗುಡಿ, ಎತ್ತು ಹೂಡಿ ಸಾಮಾನು ಸಾಗಿಸಿದ್ದು. ಮನೆಯಲ್ಲಿದ್ದ ಜೋಳದ ಕಣಜ ಎಂಬಲ್ಲಿಗೆ ಬಂದಾಗ ಅಜ್ಜಿ ಕೈ ಎತ್ತಿದಳು.

"ಕಣಜ ಅಲ್ಲವಾ ತಂಗಿ. ಹಗೇವು. ನೆಲದಾಗ ತೋಡಿದ್ದು. ನೀರು ಬಂದಾಗ ಅರ್ಧ ಜೋಳ ಒಳಗ ಇತ್ತು. ತಗಿಯಾಕ ಆಗಲಿಲ್ಲ."

ಹುಡುಗಿ ಆ ಮಾತನ್ನು ಹೊಡೆದು ಹಾಕಿ ಪಕ್ಕದಲ್ಲಿ ತಿದ್ದಿದಳು. ಹಾಳೆಯ ಅಂಚಿನಲ್ಲಿ ಜಾಗ ಸಾಲದೆ ಹಿಂದಿನ ಮಗ್ಗುಲಿಗೆ ತಿರುಗಿಸಿದಳು.

"ಎಷ್ಟು ಚೀಲ ಇತ್ತು ಆಯಿ?"