ಬುಟ್ಟಿ ತುಂಬಿಸಿಕೊಂಡು ಬಾ
ಕಳೆದ ಮಳೆಗಾಲದಲ್ಲಿ ಮೂಡಿಗೆರೆಯ ನಮ್ಮ ಮನೆಗೆ ಹಳೆಯ ವಿದ್ಯಾರ್ಥಿಯೊಬ್ಬ ಬಂದ. ಮಾಸ್ಟೊಡಾನ್ ಎಂಬ ಸಾಮಾಜಿಕ ಜಾಲತಾಣದಲ್ಲಿ ಕಾಫಿಯ ಬಗ್ಗೆ ಜನ ಬರೆದ 2,000 ಬರಹಗಳನ್ನು ಅವನು ಇಳಿಸಿಕೊಳ್ಳಬೇಕಿತ್ತು. ಪ್ರತಿ ಸಲವೂ ಅರ್ಧದಲ್ಲೇ ಕರೆಂಟು ಹೋಗಿ, ಮತ್ತೆ ಮೊದಲಿನಿಂದ ಶುರು. "ಸಾರ್, ನಾಡಿದ್ದು ಪ್ರಾಜೆಕ್ಟ್ ಒಪ್ಪಿಸಬೇಕು" ಎಂದ.

ಸುಮ್ಮನಿದ್ದರೆ ಸರ್ವರ್ ಪುಟಕ್ಕೆ 20 ಬರಹ ಕೊಡುತ್ತದೆ, ಕೇಳಿದರೆ 40. ನೂರು ಸಲದ ಓಡಾಟ ಐವತ್ತಕ್ಕೆ ಇಳಿಯಿತು. ಹಣ್ಣು ಕುಯ್ಯುವವರು ಅರೆಬುಟ್ಟಿ ಹೊತ್ತು ಕಣಕ್ಕೆ ಹೋಗುವುದುಂಟೆ?

"ಎಲ್ಲ ಪುಟ ಒಟ್ಟಿಗೇ ತರಿಸಿದರೆ?" ಎಂದ. ಮುಂದಿನ ಪುಟದ ಗುರುತು ಸಿಗುವುದು ಹಿಂದಿನ ಪುಟ ಬಂದ ಮೇಲೆಯೇ. ಆದ್ದರಿಂದ ಪುಟ ಬಂದಕೂಡಲೇ ಉಳಿಸಿ, ಕೊನೆಯ ಬರಹದ ಸಂಖ್ಯೆಯನ್ನೂ ದಾಖಲಿಸುವಂತೆ ಮಾಡಿಸಿದೆ.

ಆ ರಾತ್ರಿಯೂ ಕರೆಂಟು ಹೋಯಿತು. ಬೆಳಿಗ್ಗೆ ಕೆಲಸ ನಿಂತಲ್ಲಿಂದಲೇ ಮುಂದುವರಿಯಿತು.