ಒಂದು ದಿನದ ಕೂಸಿಗೆ ಎರಡು ವರ್ಷ!

ಮಕ್ಕಳೇ, ಮೊದಲು ಒಗಟಿನಂಥ ಒಂದು ಲೆಕ್ಕ. ಡಿಸೆಂಬರ್ 31ರ ರಾತ್ರಿ ಒಂದು ಕೂಸು ಹುಟ್ಟಿತು. ಮರುದಿನ ಬೆಳಗಾಗುವಷ್ಟರಲ್ಲಿ ಅದಕ್ಕೆ ಎರಡು ವರ್ಷವಾಗಿತ್ತು! ಇದು ಹೇಗೆ ಸಾಧ್ಯ?

ದಕ್ಷಿಣ ಕೊರಿಯ ದೇಶದ ಹಳೆಯ ಲೆಕ್ಕದಲ್ಲಿ ಇದು ಸಾಧ್ಯ. ಆ ಲೆಕ್ಕಕ್ಕೆ ಇರುವುದು ಎರಡೇ ನಿಯಮ. ಒಂದು, ಹುಟ್ಟಿದ ದಿನವೇ ಮಗುವಿಗೆ ಒಂದು ವರ್ಷ. ಎರಡು, ಹೊಸ ವರ್ಷ ಬಂದಾಗ ಎಲ್ಲರ ವಯಸ್ಸಿಗೂ ಒಂದು ಸೇರಿಸುವುದು. ಹುಟ್ಟಿದ ದಿನಾಂಕ ಯಾವುದೇ ಇರಲಿ, ಲೆಕ್ಕಕ್ಕೆ ಬೇಕಿಲ್ಲ. ಈಗ ನಮ್ಮ ಕೂಸನ್ನು ನೋಡಿ. ಹುಟ್ಟಿದಾಗ ಒಂದು, ಜನವರಿ 1ಕ್ಕೆ ಎರಡು. ಲೆಕ್ಕ ಸರಿಯಾಯಿತಲ್ಲವೇ?

ನಾನು ಗಣಿತ ಹೇಳಿಕೊಡುವ ಶಿಕ್ಷಕ. ಈ ಲೆಕ್ಕವನ್ನು ಓದಿದಾಗ ನನಗೆ ಬಹಳ ಖುಷಿಯಾಯಿತು. ಏಕೆಂದರೆ ಇದರಲ್ಲಿ ಗಣಿತದ ಒಂದು ಮುಖ್ಯವಾದ ಸಂಗತಿ ಅಡಗಿದೆ. ಅಳೆಯುವುದು ಬೇರೆ, ಎಣಿಸುವುದು ಬೇರೆ.

ನಿಮ್ಮ ಸ್ಕೇಲನ್ನು ತೆಗೆದು ನೋಡಿ. ಅದು ಸೊನ್ನೆಯಿಂದ ಶುರುವಾಗುತ್ತದೆ. ಆದರೆ ಬುಟ್ಟಿಯಲ್ಲಿರುವ ಮಾವಿನಹಣ್ಣನ್ನು ಎಣಿಸುವಾಗ ಯಾರಾದರೂ "ಸೊನ್ನೆ, ಒಂದು, ಎರಡು" ಎನ್ನುತ್ತಾರೆಯೇ? ಇಲ್ಲ. ಮೊದಲ ಹಣ್ಣೇ ಒಂದು. ನಾವು ವಯಸ್ಸನ್ನು ಸ್ಕೇಲಿನಂತೆ ಅಳೆಯುತ್ತೇವೆ. ಕೊರಿಯದ ಹಿರಿಯರು ಅದನ್ನು ಹಣ್ಣಿನಂತೆ ಎಣಿಸಿದರು. "ಎಷ್ಟು ವರ್ಷ ಮುಗಿಯಿತು?" ಎಂಬುದು ನಮ್ಮ ಪ್ರಶ್ನೆ. "ಎಷ್ಟನೆಯ ವರ್ಷ ನಡೆಯುತ್ತಿದೆ?" ಎಂಬುದು ಅವರ ಪ್ರಶ್ನೆ. ತಾಯಿಯ ಹೊಟ್ಟೆಯಲ್ಲಿ ಕಳೆದ ತಿಂಗಳುಗಳನ್ನೂ ಸೇರಿಸಿ ಒಂದು ವರ್ಷ ಎನ್ನುತ್ತಾರೆ ಎಂದು ವಿವರಿಸುವವರೂ ಇದ್ದಾರೆ.

ಇದು ವಿಚಿತ್ರ ಎನಿಸಿತೇ? ನೀವೂ ದಿನವೂ ಇಂಥ ಲೆಕ್ಕವನ್ನೇ ಹೇಳುತ್ತೀರಿ! ಶಾಲೆಗೆ ಸೇರಿದ ಮೊದಲ ದಿನವೇ ನೀವು ಒಂದನೆಯ ತರಗತಿ. ಆಗ ನೀವು ಒಂದು ತರಗತಿಯನ್ನೂ ಮುಗಿಸಿರಲಿಲ್ಲ. ಈಗ ಆರನೆಯ ತರಗತಿಯಲ್ಲಿದ್ದರೆ ನೀವು ಮುಗಿಸಿರುವುದು ಐದು. ಮತ್ತೆ, ತರಗತಿಯ ಎಲ್ಲರೂ ಒಂದೇ ದಿನ ಮುಂದಿನ ತರಗತಿಗೆ ಹೋಗುತ್ತೀರಿ. ಕೊರಿಯದ ಹಳೆಯ ಲೆಕ್ಕದಲ್ಲಿ ಇಡೀ ದೇಶವೇ ಒಂದು ಶಾಲೆ ಇದ್ದ ಹಾಗೆ. ಹೊಸ ವರ್ಷದ ದಿನ ಎಲ್ಲರೂ ಒಟ್ಟಿಗೆ ಪಾಸು!

ಅವರ ಸಾಂಪ್ರದಾಯಿಕ ಹೊಸ ವರ್ಷದ ಹಬ್ಬದ ಹೆಸರು ಸೊಲ್ಲಾಲ್. ನಮ್ಮ ಚಾಂದ್ರಮಾನ ಯುಗಾದಿಯಂತೆ ಇದೂ ಚಂದ್ರನನ್ನು ನೋಡಿ ಗುರುತಿಸುವ ದಿನ. ಅಂದು ಅಕ್ಕಿಹಿಟ್ಟಿನ ಬಿಲ್ಲೆಗಳನ್ನು ಹಾಕಿ ಮಾಡಿದ 'ತೊಕ್‌ಗುಕ್' ಎಂಬ ಬಿಸಿ ಸಾರನ್ನು ಎಲ್ಲರೂ ಉಣ್ಣುತ್ತಾರೆ. ಒಂದು ಬಟ್ಟಲು ಉಂಡರೆ ಒಂದು ವರ್ಷ ಹೆಚ್ಚಿತು ಎಂಬುದು ಅವರ ಮಾತು.

ಕೊರಿಯದಲ್ಲಿ ವಯಸ್ಸು ಬರೀ ಸಂಖ್ಯೆಯಲ್ಲ. ಯಾರನ್ನು ಹೇಗೆ ಮಾತನಾಡಿಸಬೇಕು ಎಂಬುದನ್ನು ಅದೇ ನಿರ್ಧರಿಸುತ್ತದೆ. ನಮ್ಮಲ್ಲಿ ನೀನು, ನೀವು ಇಲ್ಲವೇ? ಹಾಗೆಯೇ ಅವರ ಮಾತಿನಲ್ಲೂ ಹಿರಿಯರಿಗೆ ಒಂದು ಬಗೆ, ಓರಗೆಯವರಿಗೆ ಇನ್ನೊಂದು ಬಗೆ. ಹುಡುಗನೊಬ್ಬ ತನಗಿಂತ ದೊಡ್ಡ ಹುಡುಗನನ್ನು 'ಹ್ಯೊಂಗ್' ಎನ್ನುತ್ತಾನೆ, ಅಂದರೆ ಅಣ್ಣ. ದೊಡ್ಡ ಹುಡುಗಿಯನ್ನು 'ನೂನಾ' ಎನ್ನುತ್ತಾನೆ, ಅಂದರೆ ಅಕ್ಕ. ಒಂದೇ ವರ್ಷ ಹುಟ್ಟಿದವರೆಲ್ಲ ಒಂದೇ ವಯಸ್ಸಿನವರಾದರೆ ಅವರೆಲ್ಲ ಗೆಳೆಯರು. ಅಣ್ಣ ಯಾರು, ತಮ್ಮ ಯಾರು ಎಂಬ ತಕರಾರೇ ಇಲ್ಲ. ಹಳೆಯ ಲೆಕ್ಕದಲ್ಲಿ ಇಂಥ ಅನುಕೂಲವೂ ಇತ್ತು.

ಹಾಗಾದರೆ ತೊಂದರೆ ಎಲ್ಲಿ? ನಮ್ಮ ಏಳನೆಯ ತರಗತಿಯಲ್ಲಿ ಈ ಒಗಟನ್ನು ಹಲಗೆಯ ಮೇಲೆ ಬರೆದಾಗ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಸಾರ್, ಆ ಕೂಸಿಗೆ ಜ್ವರ ಬಂದರೆ ಎಷ್ಟು ವರ್ಷದವರ ಔಷಧಿ ಕೊಡ್ತಾರೆ?"

ಎಂಥ ಪ್ರಶ್ನೆ ನೋಡಿ! ಸೀಸೆಯ ಮೇಲೆ "ಎರಡು ವರ್ಷ ಮೇಲ್ಪಟ್ಟ ಮಕ್ಕಳಿಗೆ" ಎಂದು ಬರೆದಿದೆ ಎನ್ನಿ. ಹಳೆಯ ಲೆಕ್ಕದಲ್ಲಿ ಹದಿನೈದು ದಿನದ ಕೂಸಿಗೂ ಎರಡು ವರ್ಷ ಆಗಿರಬಹುದು. ಹಾಗೆಂದು ಆ ಔಷಧಿ ಕೊಡಬಹುದೇ? ಖಂಡಿತ ಕೂಡದು. ದೇಹ ಕ್ಯಾಲೆಂಡರ್ ನೋಡಿ ಬೆಳೆಯುವುದಿಲ್ಲ. ಅದು ದಿನದಿನಕ್ಕೆ ಬೆಳೆಯುತ್ತದೆ. ಆದ್ದರಿಂದಲೇ ವೈದ್ಯರು ತೀರ ಚಿಕ್ಕ ಕೂಸುಗಳ ವಯಸ್ಸನ್ನು ದಿನ ಮತ್ತು ವಾರಗಳಲ್ಲಿ ಕೇಳುತ್ತಾರೆ.

ಕೊರಿಯದ ಸರ್ಕಾರಕ್ಕೂ ಇದು ತಿಳಿದಿತ್ತು. 1962ರಿಂದಲೇ ಅಲ್ಲಿನ ಕಾನೂನಿನಲ್ಲಿ ಹುಟ್ಟಿದ ದಿನದಿಂದ ಲೆಕ್ಕ ಹಾಕುವ ಪೂರ್ಣ ವಯಸ್ಸು ಬಳಕೆಗೆ ಬಂದಿತ್ತು. ಆದರೆ ಮನೆಯಲ್ಲಿ, ಬೀದಿಯಲ್ಲಿ ಹಳೆಯ ಲೆಕ್ಕವೇ ನಡೆಯಿತು. ಇವೆರಡರ ಜೊತೆಗೆ ಮೂರನೆಯದೂ ಸೇರಿಕೊಂಡಿತು. ಈಗಿನ ಇಸವಿಯಿಂದ ಹುಟ್ಟಿದ ಇಸವಿಯನ್ನು ಕಳೆಯುವುದು, ಅಷ್ಟೆ.

ಒಂದು ಉದಾಹರಣೆ ನೋಡೋಣ. ಒಬ್ಬ ಹುಡುಗ 2014ರ ಸೆಪ್ಟೆಂಬರ್ 10ರಂದು ಹುಟ್ಟಿದ. 2025ರ ಜೂನ್ 1ರಂದು ಅವನ ವಯಸ್ಸೆಷ್ಟು? ಪೂರ್ಣ ವಯಸ್ಸು 10. ಇಸವಿ ಕಳೆದರೆ 11. ಹಳೆಯ ಲೆಕ್ಕದಲ್ಲಿ 12. ಹುಡುಗ ಒಬ್ಬನೇ, ವಯಸ್ಸು ಮೂರು!

ಇದರಿಂದ ಜಗಳಗಳೂ ಹುಟ್ಟಿದವು. ಒಂದು ಕಂಪನಿಯಲ್ಲಿ 56ರ ವಯಸ್ಸಿನಿಂದ ಸಂಬಳ ಕಡಿಮೆ ಮಾಡುವ ಒಪ್ಪಂದವಿತ್ತು. ಯಾವ ಲೆಕ್ಕದ 56? ಪೂರ್ಣ 56ಕ್ಕೋ, ಪೂರ್ಣ 55ಕ್ಕೋ? ಕೆಲಸಗಾರನಿಗೆ ಇದು ಒಂದು ವರ್ಷದ ಅನ್ನದ ಪ್ರಶ್ನೆ. ಈ ವ್ಯಾಜ್ಯ ಅಲ್ಲಿನ ಸುಪ್ರೀಂ ಕೋರ್ಟಿನವರೆಗೂ ಹೋಗಿ 2022ರಲ್ಲಿ ತೀರ್ಮಾನವಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಸಂಸತ್ತು ಕಾನೂನನ್ನು ತಿದ್ದಿತು. 2023ರ ಜೂನ್ 28ರಿಂದ, ಬೇರೆ ರೀತಿ ಹೇಳಿಲ್ಲದ ಕಡೆಯೆಲ್ಲ ವಯಸ್ಸು ಎಂದರೆ ಪೂರ್ಣ ವಯಸ್ಸೇ ಎಂದಾಯಿತು. ಆ ದಿನ ಕೊರಿಯದ ಜನರೆಲ್ಲ ಒಂದೋ ಎರಡೋ ವರ್ಷ ಚಿಕ್ಕವರಾದರು! ನೆರೆಯ ಜಪಾನ್ ಇಂಥ ಬದಲಾವಣೆಯನ್ನು 1950ರಲ್ಲೇ ಮಾಡಿಕೊಂಡಿತ್ತು.

ಹಾಗಂತ ಎಲ್ಲವೂ ಬದಲಾಗಲಿಲ್ಲ. ಕೊರಿಯದಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸುವಾಗ, ಯುವಕರನ್ನು ಸೈನ್ಯಕ್ಕೆ ಕರೆಯುವಾಗ ಇಂದಿಗೂ ಹುಟ್ಟಿದ ಇಸವಿಯನ್ನೇ ನೋಡುತ್ತಾರೆ. ಒಂದೇ ವರ್ಷ ಹುಟ್ಟಿದವರು ಒಟ್ಟಿಗೆ ಹೋಗಲಿ ಎಂಬ ಉದ್ದೇಶ. ಯಾವ ಕೆಲಸಕ್ಕೆ ಯಾವ ಲೆಕ್ಕ ಎಂಬುದನ್ನು ಮೊದಲೇ ಒಪ್ಪಿಕೊಂಡರೆ ಗೊಂದಲವಿಲ್ಲ.

ಇನ್ನೊಂದು ಸ್ವಾರಸ್ಯ ಕೇಳಿ. ಕೊರಿಯನ್ ಭಾಷೆಯಲ್ಲಿ ವಯಸ್ಸಿಗೆ 'ನಾಇ' ಎನ್ನುತ್ತಾರೆ. ನಗಬೇಡಿ, ನಮ್ಮ ನಾಯಿಗೂ ಅದಕ್ಕೂ ಸಂಬಂಧವಿಲ್ಲ! ಪೂರ್ಣ ವಯಸ್ಸಿಗೆ 'ಮಾನ್ ನಾಇ' ಎಂದು ಹೆಸರು. 'ಮಾನ್' ಎಂದರೆ ತುಂಬಿದ್ದು. ನಾವೂ ವಯಸ್ಸಿಗೆ ಅದೇ ಮಾತನ್ನು ಬಳಸುತ್ತೇವಲ್ಲ! ನನ್ನ ಅಜ್ಜಿ ಮನೆಗೆ ಬಂದವರಿಗೆಲ್ಲ, "ನಮ್ಮ ಹುಡುಗನಿಗೆ ಒಂಬತ್ತು ತುಂಬಿ ಹತ್ತು ನಡೀತಾ ಇದೆ" ಎನ್ನುತ್ತಿದ್ದರು. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯ ಆ ಒಂದು ಮಾತಿನಲ್ಲಿ ಎರಡು ಲೆಕ್ಕವೂ ಇತ್ತು. ತುಂಬಿದ್ದು ಅಳತೆ, ನಡೆಯುತ್ತಿರುವುದು ಎಣಿಕೆ. ಯಾವುದನ್ನು ಹೇಳುತ್ತಿದ್ದೇನೆ ಎಂಬುದನ್ನೂ ಅವರು ಸ್ಪಷ್ಟವಾಗಿ ಹೇಳುತ್ತಿದ್ದರು. ಲೆಕ್ಕದಲ್ಲಿ ಬೇಕಾದದ್ದು ಅದೇ.

ಈಗ ನಿಮಗೊಂದು ಕೆಲಸ. ಮನೆಯಲ್ಲಿ ಎಲ್ಲರ ಹುಟ್ಟಿದ ದಿನಾಂಕ ಕೇಳಿ ಬರೆದುಕೊಳ್ಳಿ. ಒಬ್ಬೊಬ್ಬರಿಗೂ ಮೂರು ಬಗೆಯ ವಯಸ್ಸನ್ನು ಲೆಕ್ಕ ಹಾಕಿ. ಕೆಲವರಿಗೆ ಮೂರು ಉತ್ತರ ಬರುತ್ತದೆ, ಇನ್ನು ಕೆಲವರಿಗೆ ಎರಡೇ ಬರುತ್ತದೆ. ಏಕೆ? ಕಂಡುಹಿಡಿದು ನಿಮ್ಮ ಶಿಕ್ಷಕರಿಗೆ ಹೇಳಿ.