ಹಲಗೆಯ ಹಾದಿ

ಅಮೆರಿಕದ ಫ್ಲೋರಿಡಾ ರಾಜ್ಯದ ದಕ್ಷಿಣ ಭಾಗದಲ್ಲಿ ಎವರ್‌ಗ್ಲೇಡ್ಸ್ ಎಂಬ ವಿಶಾಲವಾದ ಜೌಗುಪ್ರದೇಶವಿದೆ. ನಿಂತ ನೀರಿನಂತೆ ತೋರಿದರೂ ಅದು ಗರಗಸದಂತಹ ಅಂಚುಳ್ಳ ಹುಲ್ಲಿನ ನಡುವೆ, ಕಣ್ಣಿಗೆ ಕಾಣದಷ್ಟು ಮೆಲ್ಲಗೆ, ಸಮುದ್ರದತ್ತ ಹರಿಯುವ ನೀರು. ಅಲ್ಲಿನ ರಾಷ್ಟ್ರೀಯ ಉದ್ಯಾನದಲ್ಲಿರುವ ‘ಅನ್ಹಿಂಗಾ’ ಕಾಲುಹಾದಿ ಹೋಗಿಬರಲು ಸುಮಾರು ಒಂದೂಕಾಲು ಕಿಲೋಮೀಟರು. ವೃದ್ಧರಿಗೂ ಆಯಾಸವೆನಿಸದಷ್ಟು ಸಮತಟ್ಟು.

ಮಗನ ಮನೆಗೆ ಹೋಗಿದ್ದ ಹಿರಿಯ ಜವಳಿ ವರ್ತಕರೊಬ್ಬರು ಚಳಿಗಾಲದ ಒಂದು ಬೆಳಗ್ಗೆ ಮೊಮ್ಮಗಳ ಕೈಹಿಡಿದು ಆ ಹಾದಿಯಲ್ಲಿ ನಡೆದರು. ಹಲಗೆಗಳ ಕೆಳಗೆ ಮೀನು, ಆಮೆ, ಮೊಸಳೆಯ ಜಾತಿಯ ಆಲಿಗೇಟರ್. ಕೊಂಬೆಯ ಮೇಲೆ ಒದ್ದೆ ರೆಕ್ಕೆಗಳನ್ನು ಹರಡಿ ಬಿಸಿಲು ಕಾಯಿಸುತ್ತಿದ್ದ ಅನ್ಹಿಂಗಾ, ಕನ್ನಡನಾಡಿನ ಕೆರೆಗಳಲ್ಲಿ ಕಾಣುವ ಹಾವಕ್ಕಿಯ ಬಂಧು. ಯಾವ ಜೀವಿಯೂ ಕಾಲಡಿಗೆ ಸಿಗದಂತೆ ಹಲಗೆಗಳು ನೀರಿನ ಮೇಲೆ ಹಾಸಿವೆ. ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿ ಅಡಿಯಿಡಬೇಕೆನ್ನುವ ಈರ್ಯಾಸಮಿತಿಯು ಅವರ ನೆನಪಿಗೆ ಬಂದಿತು.

ಈ ಶಾಂತಿ ಅಲ್ಲಿ ಹಿಂದಿನಿಂದಲೂ ಇದ್ದುದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ, ಹೆಂಗಸರ ಟೋಪಿಗಳ ಅಲಂಕಾರಕ್ಕೆಂದು ಬೆಳ್ಳಕ್ಕಿಯ ಗರಿಗಳಿಗೆ ಬಂಗಾರವನ್ನು ಮೀರಿದ ಬೆಲೆ ಬಂದಿತ್ತು. ಆ ನವಿರಾದ ಗರಿಗಳು ಮೂಡುವುದು ಮರಿಮಾಡುವ ಕಾಲದಲ್ಲಿ. ಆದಕಾರಣ ಬೇಟೆಗಾರರು ಗೂಡಿನ ಬಳಿಯೇ ಹಕ್ಕಿಗಳನ್ನು ಕೊಂದರು. ಮರಿಗಳು ಹಸಿವಿನಿಂದ ಸತ್ತವು. ೧೯೦೫ರಲ್ಲಿ ಈ ಬೇಟೆಯನ್ನು ತಡೆಯಹೋದ ಕಾವಲುಗಾರ ಗೈ ಬ್ರಾಡ್ಲಿ ಗುಂಡೇಟಿಗೆ ಬಲಿಯಾದನು. ಮುಂದೆ ೧೯೧೬ರಲ್ಲಿ, ಈ ಕಾಲುಹಾದಿ ಇರುವ ಸ್ಥಳದಲ್ಲಿಯೇ, ಫ್ಲೋರಿಡಾದ ಮಹಿಳಾ ಸಂಘಗಳ ಒಕ್ಕೂಟದ ಪ್ರಯತ್ನದಿಂದ ರಾಯಲ್ ಪಾಮ್ ಉದ್ಯಾನ ಸ್ಥಾಪನೆಯಾಯಿತು. ೧೯೪೭ರಲ್ಲಿ ಅದು ರಾಷ್ಟ್ರೀಯ ಉದ್ಯಾನದ ಭಾಗವಾಯಿತು.

ತಂದೆಯಿಂದ ಈ ಕಥೆಯನ್ನು ಕೇಳಿದ್ದ ಹುಡುಗಿ, “ಅಜ್ಜಾ, ಟೋಪಿ ಮಾರಿದವರು ಹಕ್ಕಿಯನ್ನು ಕೊಲ್ಲಲಿಲ್ಲವಲ್ಲ?” ಎಂದಳು.

“ಕೊಲ್ಲಲಿಲ್ಲ ಮಗಾ. ಲಾಭವನ್ನು ಮಾತ್ರ ಬರೆದುಕೊಂಡರು” ಎಂದ ವರ್ತಕರು ಮುಂದೆ ಮಾತನಾಡಲಿಲ್ಲ. ಅವರು ನಲವತ್ತು ವರ್ಷ ರೇಷ್ಮೆ ಸೀರೆಗಳನ್ನು ಮಾರಿದವರು. ಆ ನೂಲು, ಒಳಗಿನ ಹುಳು ಹೊರಬರುವ ಮುನ್ನವೇ ಗೂಡನ್ನು ಬೇಯಿಸಿ ತೆಗೆದದ್ದು. ಕೃತ, ಕಾರಿತ, ಅನುಮೋದನೆ: ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದ್ದಕ್ಕೆ ಒಪ್ಪಿದ್ದು, ಈ ಮೂರೂ ಹಿಂಸೆಯ ಲೆಕ್ಕಕ್ಕೇ ಸೇರುತ್ತವೆಂಬುದನ್ನು ಅವರು ಬಾಲ್ಯದಿಂದ ಬಲ್ಲರು, ಗಲ್ಲಾಪೆಟ್ಟಿಗೆಯ ಮುಂದೆ ಮಾತ್ರ ಅದು ನೆನಪಾಗಿರಲಿಲ್ಲ.

ಅಂಗಡಿ ಈಗ ತಮ್ಮನ ಕೈಯಲ್ಲಿದೆ. ಊರಿಗೆ ಮರಳಿ ಅವನಿಗೆ ಏನೆಂದು ಹೇಳಬೇಕೆಂಬ ಆಲೋಚನೆಯಲ್ಲಿಯೇ ಹಾದಿ ಮುಗಿಯಿತು. ರೇಷ್ಮೆಯುಟ್ಟು ಬಸದಿಗೆ ಹೋಗುವ ಶ್ರಾವಕ ಶ್ರಾವಕಿಯರೂ ಆ ಹುಡುಗಿಯ ಪ್ರಶ್ನೆಯನ್ನು ಒಮ್ಮೆ ತಮ್ಮೊಳಗೆ ಕೇಳಿಕೊಳ್ಳುವುದು ಉಚಿತ.